ಕಡಲತಳದಡಿಯ ಜೀವಗಣತಿ: 355 ಇದ್ದದ್ದು 29 ಆದ ಬಗೆ

ಸಮುದ್ರತಳದ ಕೆಸರಿನೊಳಗೆ ಎಷ್ಟು ಸೂಕ್ಷ್ಮಜೀವಿಗಳಿವೆ? 1998ರಲ್ಲಿ ಅಮೆರಿಕದ ವಿಲಿಯಂ ವಿಟ್ಮನ್ ಮತ್ತು ಸಂಗಡಿಗರು ಕೊಟ್ಟ ಲೆಕ್ಕ: 355ರ ಮುಂದೆ 28 ಸೊನ್ನೆ. 2012ರಲ್ಲಿ ಜರ್ಮನಿಯ ಯೆನ್ಸ್ ಕಾಲ್ಮೇಯರ್ ತಂಡ ಅದನ್ನು 29ರ ಮುಂದೆ 28 ಸೊನ್ನೆಗೆ ಇಳಿಸಿತು. ಇಂಗಾಲದ ತೂಕದ ಅಂದಾಜಂತೂ 30,300 ಕೋಟಿ ಟನ್‌ನಿಂದ 410 ಕೋಟಿ ಟನ್ನಿಗೆ ಕುಸಿಯಿತು. ಇಷ್ಟಾದರೂ ಇದು ಇಡೀ ಮನುಕುಲದ ಮೈಯಲ್ಲಿರುವ ಇಂಗಾಲದ (ಸುಮಾರು 6 ಕೋಟಿ ಟನ್) ಅರವತ್ತು ಪಟ್ಟಿಗೂ ಹೆಚ್ಚು.

ಜೀವಿಗಳ ಸಂಖ್ಯೆಯ ಲೆಕ್ಕ ತಪ್ಪಿದ್ದು ಎಣಿಕೆಯಲ್ಲಲ್ಲ, ಕೊರೆದ ಜಾಗದಲ್ಲಿ. ಹಳೆಯ ಮಾದರಿಗಳು ಬಹುಪಾಲು ಆಹಾರ ಸಮೃದ್ಧವಾಗಿರುವ ದಡದಂಚಿನವು. ನಡುಗಡಲಿನ ಕೆಸರಲ್ಲಿ ಜೀವಕೋಶಗಳು ಲಕ್ಷಪಟ್ಟು ವಿರಳವಾಗಿರಬಲ್ಲವು. ದಕ್ಷಿಣ ಪೆಸಿಫಿಕ್‌ನ ನಡುವೆ 10 ಲಕ್ಷ ವರ್ಷಕ್ಕೆ ಒಂದೆರಡು ಮೀಟರ್ ಕೆಸರಷ್ಟೇ ಕೂಡುತ್ತದೆ. 2010ರಲ್ಲಿ ‘ಜಾಯಿಡೆಸ್ ರೆಸಲ್ಯೂಷನ್’ ಹಡಗು ಅಲ್ಲಿಂದ ಎತ್ತಿ ತಂದ 10.15 ಕೋಟಿ ವರ್ಷ ಹಳೆಯ ಜೇಡಿಗೆ ಆಹಾರ ಉಣಿಸಿದಾಗ ಶೇ 99ರವರೆಗೂ ಜೀವಿಗಳು ಚೇತರಿಸಿಕೊಂಡವು. ಡೈನೋಸಾರ್‌ಗಳ ಕಾಲದ ಕೆಸರು ಅದು!

ಆಳದ ಕೊನೆ ಎಲ್ಲಿ? ಜಪಾನಿನ ಶಿಮೊಕಿಟಾ ಬಳಿ 2012ರಲ್ಲಿ ‘ಚಿಕ್ಯೂ’ ಹಡಗು ತಳದಿಂದ 2,466 ಮೀಟರ್ ಕೆಳಕ್ಕೆ ಕೊರೆಯಿತು, ಎರಡು ಕಿ.ಮೀ. ಆಳದ ಕಲ್ಲಿದ್ದಲ ಪದರಗಳಲ್ಲೂ ಜೀವ ಸಿಕ್ಕಿತು. 2016ರಲ್ಲಿ ಜಪಾನಿನದೇ ಮುರೊಟೊ ಬಳಿ ಹುಡುಕಿದ್ದು ಜೀವ ತಾಳಬಲ್ಲ ಶಾಖದ ಮಿತಿಯನ್ನು: 1,180 ಮೀಟರ್ ಆಳ, 120 ಡಿಗ್ರಿ ಸೆಲ್ಸಿಯಸ್. ಘನ ಸೆಂಟಿಮೀಟರಿಗೆ 16 ಕೋಶಗಳಿದ್ದರೂ ಕಾಣುವಷ್ಟು ಸೂಕ್ಷ್ಮ ಎಣಿಕೆ ಅಲ್ಲಿ ನಡೆಯಿತು. ಆದರೆ ಕೊರೆಯುವ ದ್ರವದಲ್ಲೇ ಬ್ಯಾಕ್ಟೀರಿಯಾ ತುಂಬಿರುತ್ತವೆ, ಅವು ಮಾದರಿಗೆ ಬೆರೆತರೆ ಎಣಿಕೆ ಕೆಡುತ್ತದೆ. ಅದಕ್ಕೇ ದ್ರವಕ್ಕೆ ಗುರುತಿನ ರಾಸಾಯನಿಕ ಬೆರೆಸಿ, ಕಂಬದಂಥ ಮಾದರಿಯ ಹೊರಮೈ ಹೆರೆದು, ತಿರುಳನ್ನಷ್ಟೇ ಪರೀಕ್ಷಿಸಬೇಕು. ಮಾದರಿಗಳು ಹೆಲಿಕಾಪ್ಟರ್‌ನಲ್ಲಿ ಜಪಾನಿನ ಕೋಚಿ ಪ್ರಯೋಗಾಲಯಕ್ಕೆ ಹಾರಿದವು.

ಇದೆಲ್ಲ ಅಗ್ಗದ ಕೆಲಸವಲ್ಲ. ಜಾಯಿಡೆಸ್ ಹಡಗಿನ ವಾರ್ಷಿಕ ಖರ್ಚು ಸುಮಾರು 7.2 ಕೋಟಿ ಡಾಲರ್ ಇತ್ತು, ಅದರಲ್ಲಿ 4.8 ಕೋಟಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ್ದಾಗಿತ್ತು. 2015ರಲ್ಲಿ ನಮ್ಮ ಅರಬ್ಬೀ ಸಮುದ್ರದ ಲಕ್ಷ್ಮೀ ಬೇಸಿನ್‌ನ ಎರಡು ತಾಣಗಳಲ್ಲಿ 1,100 ಮೀಟರಿಗೂ ಆಳ ಕೊರೆದದ್ದು ಇದೇ ಹಡಗು. ಖರ್ಚಿನ ಕಾರಣ ಮುಂದಿಟ್ಟು ಪ್ರತಿಷ್ಠಾನ ಒಪ್ಪಂದ ನವೀಕರಿಸಲಿಲ್ಲ. 2024ರಲ್ಲಿ ಹಡಗಿನ ಕೊರೆತ ನಿಂತಿತು.

ಒಂದಷ್ಟು ಹೊಸ ರಂಧ್ರಗಳೇ 355ನ್ನು 29ಕ್ಕೆ ಇಳಿಸಿದವು. ಕೊರೆಯದ ಕಡಲು ಇನ್ನೂ ಬೇಕಾದಷ್ಟಿರುವಾಗ ಈ ಉಳಿತಾಯ ತಪ್ಪು ನಿರ್ಧಾರ.