ತರಬೇತಿಯಲ್ಲಿ ಗಾಯಗೊಂಡು ಬಿಡುಗಡೆಯಾದವರಿಗೆ ಮಾಜಿ ಸೈನಿಕರ ಸ್ಥಾನಮಾನ

ಸೇನಾ ತರಬೇತಿಯಲ್ಲಿ ಗಾಯಗೊಂಡು ವೈದ್ಯಕೀಯ ಕಾರಣದಿಂದ ಬಿಡುಗಡೆಯಾದ ರಿಕ್ರೂಟ್‌ಗಳೆಲ್ಲರೂ ಮಾಜಿ ಸೈನಿಕರೆಂದು ಪರಿಗಣಿತರಾಗುವುದಿಲ್ಲ. ರಕ್ಷಣಾ ಸಚಿವಾಲಯದ 01-02-2006ರ ಪತ್ರದನ್ವಯ, ವೈದ್ಯಕೀಯ ಅಥವಾ ಅಂಗವೈಕಲ್ಯ ಪಿಂಚಣಿ ಮಂಜೂರಾದವರಿಗೆ ಮಾತ್ರ ಈ ಸ್ಥಾನಮಾನ ದೊರೆಯುತ್ತದೆ. ಪಿಂಚಣಿ ನಿರಾಕೃತವಾದಲ್ಲಿ ಗುರುತಿನ ಚೀಟಿ, ಉದ್ಯೋಗ ಮೀಸಲಾತಿಗಳೂ ಕೈತಪ್ಪುತ್ತವೆ.

ಗಾಯವು ಸೇವೆಯಿಂದ ಉಂಟಾದುದಲ್ಲವೆಂದು ವೈದ್ಯಕೀಯ ಮಂಡಳಿಯು ಷರಾ ಬರೆದಿದ್ದಲ್ಲಿ ಅದನ್ನು ಪ್ರಶ್ನಿಸಬಹುದು. ಗಾಯದ ವರದಿ, ಸೇನಾ ಆಸ್ಪತ್ರೆಯ ದಾಖಲೆ ಹಾಗೂ ಸೇರ್ಪಡೆಯ ಕಾಲದ ವೈದ್ಯಕೀಯ ಪರೀಕ್ಷೆಯ ಪ್ರತಿಗಳೊಂದಿಗೆ ಸಂಬಂಧಪಟ್ಟ ರೆಕಾರ್ಡ್ಸ್ ಕಚೇರಿಯ ಮೂಲಕ ಮೇಲ್ಮನವಿ ಸಲ್ಲಿಸತಕ್ಕದ್ದು. ಇವುಗಳಲ್ಲಿ ಗಾಯದ ವರದಿಯೇ ಮುಖ್ಯ. ಬಿದ್ದ ದಿನ, ಸ್ಥಳ, ಅಂದಿನ ಕವಾಯತು ಅದರಲ್ಲಿರುತ್ತವೆ. ಪ್ರತಿ ಇಲ್ಲದವರು ಮೊದಲು ಅದನ್ನು ಕೇಳಿ ಪಡೆಯುವುದು ಲೇಸು.

ಮೇಲ್ಮನವಿಯೂ ತಿರಸ್ಕೃತವಾದರೆ, ಅಂತಿಮ ಆದೇಶದಿಂದ 6 ತಿಂಗಳೊಳಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಸಕಾರಣವಿದ್ದಲ್ಲಿ ವಿಳಂಬವನ್ನು ಮನ್ನಿಸುವ ಅಧಿಕಾರ ನ್ಯಾಯಮಂಡಳಿಗಿದೆ.

2022ರ ಅಗ್ನಿಪಥ ಯೋಜನೆಯಡಿ ಸೇರಿದವರಿಗೆ ಈ ಪಿಂಚಣಿ ಅನ್ವಯಿಸದು. ಅವರ ಪರಿಹಾರಧನದ ನಿಯಮಗಳು ಬೇರೆ.