ಗಾಡಿಯ ಹೆಸರು ಹೇಳಿ ಹೆಡ್ ತರಬೇಡಿ



ಬನಹಟ್ಟಿ ಸುತ್ತಲಿನ ಚಿಮ್ಮಡ, ಜಗದಾಳ, ನಾವಲಗಿ, ಯಲ್ಲಟ್ಟಿಯಂಥ ಊರುಗಳಲ್ಲಿ ಪಿಕಪ್ ಗಾಡಿಗೆ ಒಂದೇ ಕೆಲಸ ಇರುವುದಿಲ್ಲ. ಬೆಳಿಗ್ಗೆ ಹಾಲಿನ ಕ್ಯಾನು, ಮಧ್ಯಾಹ್ನ ನೂಲು ಇಲ್ಲವೆ ಸೀರೆಯ ಗಂಟು, ನಡುವೆ ಸಮಯ ಸಿಕ್ಕರೆ ಮೇವು, ಗೊಬ್ಬರ. ಇಷ್ಟು ದುಡಿಯುವ ಗಾಡಿ ಒಂದು ದಿನ ನಡುದಾರಿಯಲ್ಲಿ ಹಬೆ ಉಗುಳಿ ನಿಂತರೆ ನಷ್ಟ ಬರೀ ಗಾಡಿಯವರದಲ್ಲ. 40 ಲೀಟರಿನ 25 ಕ್ಯಾನು ಎಂದರೆ 1000 ಲೀಟರ್ ಹಾಲು. ಕರೆದ ಹಾಲನ್ನು 4 ಡಿಗ್ರಿಗೆ ತಂಪು ಮಾಡುವವರೆಗೂ ಅದರೊಳಗಿನ ಸೂಕ್ಷ್ಮಜೀವಿಗಳು ಬೆಳೆಯುತ್ತಲೇ ಇರುತ್ತವೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಆ ಕ್ಯಾನುಗಳು ರಸ್ತೆ ಬದಿಯಲ್ಲಿ ಎರಡು-ಮೂರು ತಾಸು ನಿಂತರೆ ಹುಳಿಯ ಪರೀಕ್ಷೆಯಲ್ಲಿ ಪಾಸಾಗುವ ಭರವಸೆ ಇಲ್ಲ.

ಹೀಗೆ ನಿಲ್ಲುವುದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು ಎಂಜಿನ್ನಿನ ಸಿಲಿಂಡರ್ ಹೆಡ್. ನಿಂತ ಗಾಡಿಯನ್ನು ಬೇಗ ಓಡಿಸಬೇಕೆಂಬ ಅವಸರದಲ್ಲಿ ಅಂಗಡಿಗೆ ಹೋಗಿ, 'ಬೊಲೆರೊ ಪಿಕಪ್ಪಿನ ಹೆಡ್ ಕೊಡಿ' ಎಂದು ಕೇಳಿ, ಕೊಟ್ಟದ್ದನ್ನು ತಂದು ಹಾಕಿಸುವುದು ನಮ್ಮಲ್ಲಿ ನಡೆದೇ ಇದೆ. ಅಂಥ ಹೆಡ್ ಕೂರಲೂಬಹುದು, ಗಾಡಿ ಓಡಲೂಬಹುದು. ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಹಬೆ, ಈ ಸಲ ಪಿಸ್ಟನ್ ಸಮೇತ.

ಮೊದಲು ಹಳೆಯ ಹೆಡ್ ನಿಜಕ್ಕೂ ಸತ್ತಿದೆಯೇ ನೋಡಿ. ರೇಡಿಯೇಟರ್ ನೀರು ಕಾರಣವಿಲ್ಲದೆ ಕಡಿಮೆಯಾಗುವುದು, ಎಂಜಿನ್ ಚಾಲೂ ಇದ್ದಾಗ ನೀರಿನಲ್ಲಿ ಗುಳ್ಳೆ ಬರುವುದು, ಸೈಲೆನ್ಸರಿನಲ್ಲಿ ಬಿಳಿ ಹೊಗೆ, ಆಯಿಲ್ ಕಡ್ಡಿ ಎಳೆದರೆ ಹಾಲು ಹಾಕಿದ ಚಹಾದ ಬಣ್ಣ. ಈ ಲಕ್ಷಣಗಳು ಹೆಡ್ ಒಡೆದಾಗಲೂ ಬರುತ್ತವೆ, ಬರೀ ಗ್ಯಾಸ್ಕೆಟ್ ಹೋದಾಗಲೂ ಬರುತ್ತವೆ. ಆದ್ದರಿಂದ ಬಿಚ್ಚಿದ ಹೆಡ್ಡನ್ನು ಎಂಜಿನ್ ಕೆಲಸದ ಲೇತ್ ಅಂಗಡಿಗೆ ಒಯ್ದು ಪ್ರೆಶರ್ ಟೆಸ್ಟ್ ಮಾಡಿಸಿ. ನೀರಿನ ದಾರಿಗಳನ್ನೆಲ್ಲ ಮುಚ್ಚಿ, ಒಳಗೆ ಗಾಳಿ ತುಂಬಿ, ಬಿಸಿನೀರಿನಲ್ಲಿ ಮುಳುಗಿಸುತ್ತಾರೆ. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕಿದ ಹಾಗೆಯೇ. ಬಿರುಕು ಇದ್ದಲ್ಲಿ ಗುಳ್ಳೆ ಏಳುತ್ತದೆ. ಜೊತೆಗೆ ನೇರ ಪಟ್ಟಿ ಮತ್ತು ಫೀಲರ್ ಗೇಜ್ ಇಟ್ಟು ಮುಖ ಎಷ್ಟು ಬಾಗಿದೆ ಎಂದು ಅಳೆಯುತ್ತಾರೆ. ಬಹಳ ಎಂಜಿನ್‌ಗಳಿಗೆ 0.1 ಮಿ.ಮೀ. ಆಸುಪಾಸು ದಾಟಿದರೆ ಫೇಸಿಂಗ್ ಬೇಕು. ನಿಮ್ಮ ಎಂಜಿನ್ನಿನ ಮಿತಿ ಕಂಪನಿಯ ಕೈಪಿಡಿಯಲ್ಲಿರುತ್ತದೆ. ಬಿರುಕಿಲ್ಲದೆ ಬರೀ ಬಾಗಿದ್ದರೆ ಫೇಸಿಂಗ್ ಮತ್ತು ಹೊಸ ಗ್ಯಾಸ್ಕೆಟ್‌ನಲ್ಲಿ ಕೆಲಸ ಮುಗಿಯಬಹುದು. ಹೆಡ್ಡಿನ ದಪ್ಪ ಕೈಪಿಡಿಯ ಕನಿಷ್ಠ ಮಿತಿಗಿಂತ ಕೆಳಗೆ ಇಳಿದಿದ್ದರೆ ಮಾತ್ರ ಆಸೆ ಬಿಡಬೇಕು.

ಬದಲಿಸಲೇಬೇಕು ಎಂದಾದರೆ ಮೊದಲ ಕೆಲಸ ಎಂಜಿನ್ ನಂಬರ್ ಓದುವುದು. ಆರ್‌ಸಿ ಕಾಗದದಲ್ಲಿ ಇರುವುದನ್ನಷ್ಟೇ ನಂಬಬೇಡಿ. ನಮ್ಮಲ್ಲಿ ಸೆಕೆಂಡ್‌ಹ್ಯಾಂಡ್ ಗಾಡಿಗಳೇ ಹೆಚ್ಚು, ಹಿಂದಿನ ಮಾಲೀಕರು ಎಂಜಿನ್ನನ್ನೇ ಬದಲಿಸಿರುವುದು ಉಂಟು. ಬ್ಲಾಕಿನ ಮೇಲೆ ಕೊರೆದಿರುವ ನಂಬರನ್ನು ಬಟ್ಟೆಯಿಂದ ಒರೆಸಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಅದು ಆರ್‌ಸಿಯ ನಂಬರಿಗೆ ಹೊಂದದಿದ್ದರೆ ಹೆಡ್ಡಿನ ಮಾತು ಆಮೇಲೆ, ಮೊದಲು ಆರ್‌ಟಿಒ ಕಚೇರಿಯ ಕೆಲಸ ಇದೆ ಎಂದರ್ಥ. ಹಳೆಯ ಹೆಡ್ಡಿನ ಮೈಮೇಲೆ ಎರಕದಲ್ಲೇ ಉಬ್ಬಿ ಮೂಡಿರುವ ನಂಬರನ್ನೂ ಬರೆದುಕೊಳ್ಳಿ.

ಗಾಡಿಯ ಹೆಸರು ಏಕೆ ಸಾಲದು? ಟಾಟಾ ಏಸ್ ನೋಡಿ. 2005ರಲ್ಲಿ ಬಂದ ಏಸ್‌ನದು 702 ಸಿಸಿಯ, ಎರಡು ಸಿಲಿಂಡರಿನ ಡೀಸೆಲ್ ಎಂಜಿನ್. ಮುಂದೆ ಅದೇ ಏಸ್ ಹೆಸರಿನಲ್ಲಿ 694 ಸಿಸಿಯ ಪೆಟ್ರೋಲ್ ಗಾಡಿ ಬಂತು, ಏಸ್ ಮೆಗಾ ಎಂದು 798 ಸಿಸಿಯ ಕಾಮನ್ ರೈಲ್ ಡೀಸೆಲ್ ಬಂತು. ಮೂರಕ್ಕೂ ಎರಡೆರಡೇ ಸಿಲಿಂಡರ್, ಬಾಯಲ್ಲಿ ಮೂರೂ 'ಛೋಟಾ ಹಾಥಿ'. ಒಂದರ ಹೆಡ್ ಇನ್ನೊಂದಕ್ಕೆ ಆಗುವುದಿಲ್ಲ. ಮಹೀಂದ್ರಾ ಗಾಡಿಗಳಲ್ಲಿ ಗೊಂದಲ ಇನ್ನೂ ಸೂಕ್ಷ್ಮ. ಹಳೆಯ ಎಂಡಿಐ ಎಂಜಿನ್ 2523 ಸಿಸಿ, ಮುಂದೆ ಬಂದ ಕಾಮನ್ ರೈಲ್ ಎಂಜಿನ್ ಕೂಡ 2523 ಸಿಸಿ. ಒಂದರ ಇಂಜೆಕ್ಟರ್ ಪಂಪಿನ ಒತ್ತಡಕ್ಕೆ ತಾನೇ ತೆರೆಯುವಂಥದ್ದು, ಇನ್ನೊಂದರದು ವಿದ್ಯುತ್ ಸಂಕೇತದಿಂದ ತೆರೆಯುವಂಥದ್ದು. ಅವು ಕೂರುವ ಜಾಗವೇ ಬೇರೆ. ಇವೆರಡರ ಜೊತೆಗೆ ಪ್ಯೂಜೊ ಮೂಲದ 2498 ಸಿಸಿಯ ಹಳೆಯ ಎಂಜಿನ್ ಕೂಡ ಮಹೀಂದ್ರಾ ಗಾಡಿಗಳಲ್ಲಿತ್ತು. ಮೂರನ್ನೂ 'ಎರಡೂವರೆ ಲೀಟರಿನ ಎಂಜಿನ್' ಎಂದೇ ಕರೆಯುತ್ತೇವೆ! ಅಂಗಡಿಯವರು ತಪ್ಪು ಕೊಟ್ಟರೆ ಅವರೊಬ್ಬರನ್ನೇ ದೂರುವಂತಿಲ್ಲ.

ಈ ವ್ಯತ್ಯಾಸದ ಬೇರು ಡೀಸೆಲ್ ಎಲ್ಲಿ ಉರಿಯುತ್ತದೆ ಎಂಬುದರಲ್ಲಿದೆ. ಹಳೆಯ 702 ಸಿಸಿಯ ಏಸ್, ಪ್ಯೂಜೊ ಎಂಜಿನ್ ಇವುಗಳಲ್ಲಿ ಹೆಡ್ಡಿನೊಳಗೇ ಒಂದು ಪುಟ್ಟ ಕೋಣೆ ಇರುತ್ತದೆ; ಡೀಸೆಲ್ ಅಲ್ಲಿ ಹೊತ್ತಿಕೊಂಡು ಸಿಲಿಂಡರಿಗೆ ನುಗ್ಗುತ್ತದೆ. ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಹೆಡ್ಡಿನ ಮುಖ ಸಪಾಟು, ಉರಿಯುವ ಜಾಗ ಪಿಸ್ಟನ್ ತಲೆಯ ಮೇಲಿನ ಬಟ್ಟಲಿನಂಥ ಗುಳಿ. ಅಂದರೆ ಹೆಡ್ ಮತ್ತು ಪಿಸ್ಟನ್ ಜೋಡಿ ಇದ್ದ ಹಾಗೆ. ಒಂದನ್ನು ಬೇರೆ ಜೋಡಿಯಿಂದ ತಂದು ಕೂರಿಸಿದರೆ ಒತ್ತಡದ ಲೆಕ್ಕ ಕೆಡುತ್ತದೆ, ಗಾಡಿ ಎಳೆಯುವುದಿಲ್ಲ, ಕಪ್ಪು ಹೊಗೆ ಬಿಡುತ್ತದೆ, ಬಿಸಿಯಾಗುತ್ತದೆ.

ಬೋಲ್ಟಿನ ತೂತು ಹೊಂದದಿದ್ದರೆ ಒಳ್ಳೆಯದೇ, ತಪ್ಪು ಅಲ್ಲಿಯೇ ಗೊತ್ತಾಗುತ್ತದೆ. ಅಪಾಯ ಇರುವುದು ತೂತು ಹೊಂದಿ ಉಳಿದದ್ದು ಹೊಂದದ ಹೆಡ್ಡಿನಲ್ಲಿ. ಒಂದೇ ಎಂಜಿನ್ನಿನ ಟರ್ಬೊ ಇರುವ ಮತ್ತು ಇಲ್ಲದ ಮಾದರಿಗಳಲ್ಲಿ, ಅಥವಾ ಬಿಎಸ್-4 ಮತ್ತು 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಮಾದರಿಗಳಲ್ಲಿ ಇಂಥದ್ದು ಆಗಬಹುದು. ಅದಕ್ಕೇ ಹಳೆಯ ಹೆಡ್ಡನ್ನು ಅಂಗಡಿಗೆ ಒಯ್ಯಿರಿ. ಭಾರ ಎಂದು ಮನೆಯಲ್ಲಿ ಬಿಟ್ಟು ಹೋಗಬೇಡಿ. ನಿಮ್ಮ ಎಂಜಿನ್ ನಂಬರಿಗೆ ತಂದ ಹೊಸ ಗ್ಯಾಸ್ಕೆಟನ್ನು ಮೊದಲು ಹಳೆಯ ಹೆಡ್ಡಿನ ಮೇಲೆ, ಆಮೇಲೆ ಕೊಳ್ಳುವ ಹೆಡ್ಡಿನ ಮೇಲೆ ಇಟ್ಟು ನೀರಿನ ದಾರಿ, ಆಯಿಲ್ ದಾರಿ ಒಂದೊಂದಾಗಿ ನೋಡಿ. ಒಂದು ನೀರಿನ ತೂತು ಮುಚ್ಚಿಹೋದರೂ ಆ ಸಿಲಿಂಡರ್ ಬೇಯುತ್ತದೆ. ವಾಲ್ವಿನ ತಲೆಯ ಅಗಲ, ವಾಲ್ವ್ ಮುಖಕ್ಕಿಂತ ಎಷ್ಟು ಒಳಗೆ ಕೂತಿದೆ, ಇಂಜೆಕ್ಟರಿನ ಮೂತಿ ಎಷ್ಟು ಹೊರಗೆ ಬರುತ್ತದೆ, ಹೀಟರ್ ಪ್ಲಗ್ಗಿನ ಜಾಗ ಇದೆಯೇ, ಮ್ಯಾನಿಫೋಲ್ಡ್ ಕೂರುವ ತೂತು ಸರಿ ಇವೆಯೇ, ಇವನ್ನು ಮಿಸ್ತ್ರಿಯಿಂದ ಅಳತೆ ಮಾಡಿಸಿ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಹೆಡ್ಡಿಗೂ ಅದಕ್ಕೂ ನಡುವೆ ಉಳಿಯುವ ಜಾಗ ಒಂದು ಮಿಲಿಮೀಟರಿನ ಆಚೀಚೆ. ಕಣ್ಣಳತೆಗೆ ಅಲ್ಲಿ ಕೆಲಸವಿಲ್ಲ. ವಾಲ್ವ್ ತುಸು ಕೆಳಗೆ ಬಂದರೂ ಪಿಸ್ಟನ್ನಿಗೆ ಬಡಿಯುತ್ತದೆ.

ಹೊಸದೋ ಹಳೆಯದೋ ಎಂಬ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ: ಹಾಲಿನ ರೂಟಿನ ಗಾಡಿಗೆ ಹೊಸ ಹೆಡ್ಡೇ ಆಗಲಿ. ಕೈಯಲ್ಲಿ ಹಣ ಇಲ್ಲದೆ ಗುಜರಿಯದೇ ಬೇಕಾದರೆ ಕೊಲ್ಲಾಪುರ, ಬೆಳಗಾವಿ ಕಡೆ ಎಂಜಿನ್ ಕೆಲಸದವರು ಬೇಕಾದಷ್ಟು ಇದ್ದಾರೆ. ಕೊಲ್ಲಾಪುರದ ಶಿರೋಳಿ, ಬೆಳಗಾವಿಯ ಉದ್ಯಮಬಾಗ ಎರಕ ಮತ್ತು ಯಂತ್ರದ ಕೆಲಸಕ್ಕೆ ಹೆಸರಾದ ಜಾಗಗಳು. ಹಣ ಕೊಡುವ ಮೊದಲೇ ಪ್ರೆಶರ್ ಟೆಸ್ಟ್, ದಪ್ಪದ ಅಳತೆ ಎರಡೂ ಆಗಲಿ. ಗುಜರಿಗೆ ಬಂದ ಹೆಡ್ ಏಕೆ ಬಂತು ಎಂದು ಕೇಳುವುದರಲ್ಲಿ ನಾಚಿಕೆ ಇಲ್ಲ, ಎಮ್ಮೆ ಕೊಳ್ಳುವಾಗ ಕೇಳುವುದಿಲ್ಲವೇ? ಅಲ್ಯುಮಿನಿಯಂ ಹೆಡ್ ಒಮ್ಮೆ ವಿಪರೀತ ಕಾದಿದ್ದರೆ ಲೋಹವೇ ಮೆತ್ತಗಾಗಿರುತ್ತದೆ, ಫೇಸಿಂಗ್ ಮಾಡಿದರೂ ಬೋಲ್ಟಿನ ಬಿಗಿ ನಿಲ್ಲುವುದಿಲ್ಲ. ಎರಕದ ಕಬ್ಬಿಣದ ಹೆಡ್ಡಿಗೆ ವೆಲ್ಡಿಂಗ್ ಮಾಡಿದ್ದು ಕಂಡರೆ ಬಿಟ್ಟು ಬನ್ನಿ. ಹೊಸದಾದರೂ ಬರೀ ಹೆಡ್ಡೋ, ವಾಲ್ವ್ ಸ್ಪ್ರಿಂಗ್ ಸಮೇತವೋ ಎಂದು ಬಿಲ್ಲಿನಲ್ಲಿ ಬರೆಸಿ. ಎಂಜಿನ್ ನಂಬರನ್ನೂ ಬಿಲ್ಲಿನಲ್ಲೇ ಬರೆಸಿದರೆ ಹೊಂದದಿದ್ದಾಗ ವಾಪಸು ಕೇಳಲು ಆಧಾರ ಸಿಗುತ್ತದೆ.

ಸರಿಯಾದ ಹೆಡ್ ತಂದಮೇಲೂ ಕೆಲಸ ಕೆಡುವುದು ಸಣ್ಣ ವಿಷಯಗಳಲ್ಲಿ. ಕೆಲವು ಎಂಜಿನ್‌ಗಳಿಗೆ ಗ್ಯಾಸ್ಕೆಟ್ ಎರಡು-ಮೂರು ದಪ್ಪದಲ್ಲಿ ಬರುತ್ತದೆ, ಅಂಚಿನ ಕಚ್ಚು ಅಥವಾ ತೂತಿನ ಎಣಿಕೆಯಿಂದ ಗುರುತು. ಪಿಸ್ಟನ್ ಬ್ಲಾಕಿನಿಂದ ಎಷ್ಟು ಮೇಲೆ ಬರುತ್ತದೆ ಎಂದು ಡಯಲ್ ಗೇಜಿನಿಂದ ಅಳೆದು ಅದನ್ನು ಆರಿಸಬೇಕು. ಒಮ್ಮೆ ಹಿಗ್ಗಿ ಬಿಗಿಯುವ ಜಾತಿಯ ಹೆಡ್ ಬೋಲ್ಟುಗಳನ್ನು ಮರಳಿ ಬಳಸಬಾರದು. ಬೋಲ್ಟಿನ ತೂತಿನ ತಳದಲ್ಲಿ ನೀರು, ಆಯಿಲ್ ನಿಂತಿದ್ದರೆ ಗಾಳಿ ಊದಿ ತೆಗೆಸಿ; ನಿಂತ ದ್ರವದ ಮೇಲೆ ಬೋಲ್ಟ್ ಬಿಗಿದರೆ ಬ್ಲಾಕೇ ಸೀಳಬಹುದು. ಬಿಗಿಯುವುದು ಟಾರ್ಕ್ ರೆಂಚಿನಿಂದ, ನಡುವಿನಿಂದ ಹೊರಗೆ, ಎರಡು-ಮೂರು ಸುತ್ತಿನಲ್ಲಿ, ಕೈಪಿಡಿಯ ಕ್ರಮದಂತೆ. ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಹೊಸದಾಗಿರಲಿ, ಅದೇ ದಪ್ಪದ್ದಾಗಿರಲಿ.

ಹೊಸ ಹೆಡ್ಡಿಗೆ ಬೋರಿನ ನೀರು ಹಾಕಬೇಡಿ. ನಮ್ಮ ಬೋರಿನ ಗಡಸು ನೀರು ಕಾಯಿಸಿದ ಹಂಡೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ದಿನವೂ ನೋಡುತ್ತೀರಿ; ಹೆಡ್ಡಿನೊಳಗೂ ಅದೇ ಪೊರೆ ಕಟ್ಟಿ ಬಿಸಿ ಹೊರಗೆ ಹೋಗದಂತೆ ತಡೆಯುತ್ತದೆ. ರೇಡಿಯೇಟರ್ ತೊಳೆಸಿ, ಡಿಸ್ಟಿಲ್ಡ್ ನೀರಿನ ಜೊತೆ ಕಂಪನಿ ಹೇಳಿದ ಪ್ರಮಾಣದ ಕೂಲಂಟ್ ಹಾಕಿಸಿ. 'ಗಾಡಿ ಬಿಸಿ ಆಗುತ್ತದೆ' ಎಂದು ಥರ್ಮೋಸ್ಟಾಟ್ ಕಿತ್ತು ಬಿಸಾಡಿದ್ದರೆ ಹೊಸದು ಕೂರಿಸಿ.

ಗಾಡಿ ಬಿಚ್ಚುವ ದಿನಕ್ಕೆ ಮೊದಲೇ ಸಂಘದ ಕಾರ್ಯದರ್ಶಿಗೂ ರೂಟ್ ಮೇಲ್ವಿಚಾರಕರಿಗೂ ತಿಳಿಸಿ, ಬದಲಿ ಗಾಡಿ ಗೊತ್ತು ಮಾಡಿಕೊಳ್ಳಿ. ಕೆಲಸ ಮುಗಿದ ಮೇಲೆ ಮೊದಲ ದಿನವೇ ಕ್ಯಾನು ತುಂಬದೆ ಖಾಲಿ ಗಾಡಿಯನ್ನು ಮಹಾಲಿಂಗಪುರದವರೆಗೆ ಓಡಿಸಿ ನೋಡಿ. ಮುಂದಿನ ಎಂಟು ದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಕೂಲಂಟ್ ಮಟ್ಟ ಮತ್ತು ಆಯಿಲ್ ಕಡ್ಡಿಯ ಬಣ್ಣ ನೋಡಿ ಹೊರಡಿ.