ನಿಮಗಿದು ಗೊತ್ತೇ? ಪಾಠಕ್ಕೂ ಇದೆ ತುತ್ತಿನಳತೆ

ಆನ್‌ಲೈನ್ ಪಾಠದ ವಿಡಿಯೊ ಎಷ್ಟೇ ಉದ್ದವಿರಲಿ, ನಡುಮಟ್ಟದ ವಿದ್ಯಾರ್ಥಿ ಅದರ ಮುಂದೆ ಕೂರುವುದು ಹೆಚ್ಚೆಂದರೆ 6 ನಿಮಿಷ. ಆನ್‌ಲೈನ್ ಕಲಿಕೆಯ ತಾಣ ಎಡ್‌ಎಕ್ಸ್‌ನಲ್ಲಿ 2012ರಲ್ಲಿ ನಡೆದ ನಾಲ್ಕು ಕೋರ್ಸ್‌ಗಳಲ್ಲಿ ವಿದ್ಯಾರ್ಥಿಗಳು ವಿಡಿಯೊ ತೆರೆದು ನೋಡಿದ 69 ಲಕ್ಷ ಸಂದರ್ಭಗಳನ್ನು ಜಾಲಾಡಿ, ಸಂಶೋಧಕ ಫಿಲಿಪ್ ಗುವೊ ಮತ್ತು ಇಬ್ಬರು ಸಂಗಡಿಗರು 2014ರಲ್ಲಿ ಈ ಲೆಕ್ಕ ಕೊಟ್ಟರು. 9 ನಿಮಿಷ ದಾಟಿದ ವಿಡಿಯೊಗಳನ್ನು ಎಷ್ಟೋ ಮಂದಿ ಅರ್ಧದಾರಿಗೂ ಮೊದಲೇ ಬಿಟ್ಟೆದ್ದಿದ್ದರು.

ಈ 6 ನಿಮಿಷದ ಮಾತು ಊರೆಲ್ಲ ಹರಡಿತು. ಅದೇ ಅಧ್ಯಯನದ ಇನ್ನೊಂದು ಮಾತು ಮಾತ್ರ ಮೂಲೆ ಸೇರಿತು: ತರಗತಿಯಲ್ಲಿ ರೆಕಾರ್ಡ್ ಮಾಡಿದ ಒಳ್ಳೆಯ ಉಪನ್ಯಾಸವನ್ನೇ ಕತ್ತರಿಸಿ ಚಿಕ್ಕ ಚಿಕ್ಕ ವಿಡಿಯೊ ಮಾಡಿದರೆ ಜನ ಅದನ್ನು ಅಷ್ಟು ಆಸ್ಥೆಯಿಂದ ನೋಡುವುದಿಲ್ಲ. ಮೊದಲಿನಿಂದಲೇ ಚಿಕ್ಕದಾಗಿ ಯೋಚಿಸಿ ಮಾಡಿದ ಪಾಠವೇ ಹಿಡಿದಿಡುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಅಮ್ಮ ಅನ್ನ ಕಲಸಿ, ಬಾಯಿಯ ಅಳತೆ ನೋಡಿ ಕಟ್ಟಿದ್ದು ತುತ್ತು. ಕತ್ತರಿಗೆ ಸಿಕ್ಕಿದ್ದು ಬರೀ ತುಂಡು.

ಮನುಷ್ಯನ ಗಮನ 8 ಸೆಕೆಂಡಿಗೆ ಇಳಿದಿದೆ, ಗೋಲ್ಡ್‌ಫಿಶ್ ಮೀನಿಗಿಂತ ಕಡಿಮೆ ಎಂಬ ವಾಟ್ಸ್‌ಆ್ಯಪ್ ಸಂದೇಶ ನಿಮಗೂ ಬಂದಿರಬಹುದು. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ. ತರಗತಿಯಲ್ಲಿ ಗಮನ ಸರಿಯಾಗಿ 10-15 ನಿಮಿಷಕ್ಕೆ ಕುಸಿಯುತ್ತದೆ ಎಂಬ ಹಳೆಯ ನಂಬಿಕೆಗೂ ಗಟ್ಟಿ ಪುರಾವೆ ಇಲ್ಲವೆಂದು 2016ರಲ್ಲಿ ನೀಲ್ ಬ್ರಾಡ್‌ಬರಿ ಹಳೆಯ ಸಂಶೋಧನೆಗಳನ್ನೆಲ್ಲ ತಿರುವಿ ಹಾಕಿ ತೋರಿಸಿದರು. ಮಕ್ಕಳಿಗೆ ಏಕಾಗ್ರತೆಯೇ ಇಲ್ಲ ಎಂದು ಬೈಯುವ ಮುನ್ನ ಇದು ನೆನಪಿರಲಿ.

ಚಿಕ್ಕ ವಿಡಿಯೊ ಪಾಠಗಳಿಗೆ ಹೆಸರಾದ ಖಾನ್ ಅಕಾಡೆಮಿಯ ಸ್ಥಾಪಕ ಸಲ್ಮಾನ್ ಖಾನ್ 2004ರಲ್ಲಿ ದೂರದ ಊರಿನಲ್ಲಿದ್ದ, ಸಂಬಂಧದಲ್ಲಿ ತಂಗಿಯಾಗುವ ಹುಡುಗಿಗೆ ಗಣಿತ ಹೇಳಿಕೊಡಲು ಶುರುಮಾಡಿದವರು. 2006ರಲ್ಲಿ ಪಾಠಗಳು ಯೂಟ್ಯೂಬ್ ಏರಿದವು. ಅವು ಅಷ್ಟು ಚಿಕ್ಕದಾಗಿದ್ದುದಕ್ಕೆ ಶಿಕ್ಷಣಶಾಸ್ತ್ರ ಕಾರಣವಾಗಿರಲಿಲ್ಲ. ಆಗ ಯೂಟ್ಯೂಬ್‌ನಲ್ಲಿ 10 ನಿಮಿಷಕ್ಕಿಂತ ಉದ್ದದ ವಿಡಿಯೊ ಹಾಕಲು ಅವಕಾಶವೇ ಇರಲಿಲ್ಲ!

ಚಿಕ್ಕ ತುಣುಕು ಕಲಿಕೆಗೆ ನೆರವಾದದ್ದಕ್ಕೆ ಗುಡುಗು-ಮಿಂಚಿನ ಪಾಠವೊಂದರ ಕಥೆ ಕೇಳಿ. ಮಿಂಚು ಹೇಗೆ ಹುಟ್ಟುತ್ತದೆ ಎಂದು ವಿವರಿಸುವ ಸುಮಾರು 140 ಸೆಕೆಂಡುಗಳ ಅನಿಮೇಶನ್ ಅದು. 2001ರಲ್ಲಿ ರಿಚರ್ಡ್ ಮೇಯರ್ ಮತ್ತು ಪಾಲ್ ಚಾಂಡ್ಲರ್ ಅದನ್ನು 16 ತುಣುಕು ಮಾಡಿದರು. ಒಂದು ಗುಂಪು ಒಂದೊಂದು ತುಣುಕು ಮುಗಿದ ಮೇಲೂ ತಾನೇ ಗುಂಡಿ ಒತ್ತಿ ಮುಂದೆ ಹೋಗಬೇಕು. ಇನ್ನೊಂದು ಗುಂಪಿಗೆ ಪಾಠ ಎಡೆಬಿಡದೆ ಓಡುತ್ತದೆ. ಎರಡೂ ಗುಂಪಿನವರು ಎರಡೆರಡು ಸಲ ನೋಡಿದರು. ಒಂದು ಪದವೂ ಹೆಚ್ಚು ಕಡಿಮೆ ಇರಲಿಲ್ಲ. ಆದರೂ ಕಲಿತದ್ದನ್ನು ಹೊಸ ಪ್ರಶ್ನೆಗೆ ಅನ್ವಯಿಸುವಾಗ, ತಾವೇ ಗುಂಡಿ ಒತ್ತಿದವರು ಮುಂದಿದ್ದರು. ಎರಡೂವರೆ ನಿಮಿಷವೂ ಇಲ್ಲದ ಪಾಠಕ್ಕೇ ಉಸಿರಾಡಲು ಜಾಗ ಬೇಕಾಯಿತು ನೋಡಿ.

ಯಾಕೆ ಹೀಗೆ? ಹೊಸ ಸಂಗತಿಗಳು ಬಂದು ಕೂರುವ ಮನಸ್ಸಿನ ಜಗಲಿ ತೀರ ಕಿರಿದು. ಅಲ್ಲಿ ಏಳು, ಎರಡು ಹೆಚ್ಚು ಅಥವಾ ಕಡಿಮೆ, ಸಂಗತಿಗಳಿಗೆ ಜಾಗವಿದೆ ಎಂದು ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನೂ ಸುಮಾರು ನಾಲ್ಕಕ್ಕೆ ಇಳಿಸಿದರು. ಜಗಲಿಯಲ್ಲಿದ್ದವರು ಒಳಮನೆಗೆ ಹೋಗುವ ಮೊದಲೇ ಹೊಸಬರನ್ನು ನುಗ್ಗಿಸಿದರೆ ಮೊದಲು ಬಂದವರು ಅಂಗಳಕ್ಕೆ ಬೀಳುತ್ತಾರೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಪ್ರಯೋಗ. 2013ರಲ್ಲಿ ಕಾರ್ಲ್ ಸ್ಪೂನಾರ್, ನೊವಾಲ್ ಖಾನ್ ಮತ್ತು ಡೇನಿಯಲ್ ಶ್ಯಾಕ್ಟರ್ ಸಂಖ್ಯಾಶಾಸ್ತ್ರದ 21 ನಿಮಿಷಗಳ ವಿಡಿಯೊ ಪಾಠವನ್ನು ನಾಲ್ಕು ಭಾಗ ಮಾಡಿ ತೋರಿಸಿದರು. ಗಮನಿಸಿ, ಎಲ್ಲರಿಗೂ ನಾಲ್ಕೇ ಭಾಗ. ಕೆಲವರಿಗೆ ಮಾತ್ರ ಒಂದೊಂದು ಭಾಗದ ಕೊನೆಗೂ ಈಗ ನೋಡಿದ್ದರ ಬಗ್ಗೆ ಪುಟ್ಟ ಪರೀಕ್ಷೆ. ನಡುನಡುವೆ ತಡೆದು ‘ಮನಸ್ಸು ಈಗೆಲ್ಲಿದೆ?’ ಎಂದು ಕೇಳಿದಾಗ, ಪರೀಕ್ಷೆಯಿಲ್ಲದವರ ಮನಸ್ಸು ನೂರರಲ್ಲಿ ಸುಮಾರು 40 ಸಲ ಎಲ್ಲೋ ಅಲೆಯುತ್ತಿತ್ತು. ಪರೀಕ್ಷೆ ಬರೆದವರಲ್ಲಿ ಅದರ ಅರ್ಧದಷ್ಟು. ಅವರು ಟಿಪ್ಪಣಿ ಬರೆದುಕೊಂಡದ್ದೂ ಹೆಚ್ಚು, ಕೊನೆಯಲ್ಲಿ ನೆನಪಿಟ್ಟದ್ದೂ ಹೆಚ್ಚು. ಪಾಠವನ್ನು ಬರೀ ಚಿಕ್ಕದು ಮಾಡಿ, ಪ್ರಶ್ನೆ ಕೇಳದೆ ಮುಂದಿನದಕ್ಕೆ ಓಡಿಸುವ ಕೋರ್ಸ್‌ಗಳನ್ನು ಕಂಡರೆ ನನಗೆ ಸಂಕಟವಾಗುವುದು ಇದಕ್ಕೇ. ಅಗಿಯಲು ಬಿಡದೆ ಬಾಯಿಗೆ ತುರುಕಿದಂತೆ ಅದು.

ಇಂಥ ಪುಟ್ಟ ಪರೀಕ್ಷೆಯ ಫಲ ತಡವಾಗಿ ಕಾಣುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ನಡೆಸಿದ ಪ್ರಯೋಗದಲ್ಲಿ, ಒಂದೇ ಪಠ್ಯವನ್ನು ಎರಡು ಸಲ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಗೆದ್ದರು. ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆದವರು ಒಂದು ವಾರದ ನಂತರ ಗೆದ್ದರು, ಶೇ 42ರ ಎದುರು ಶೇ 56.

ತುತ್ತಿನಳತೆಯ ಪಾಠ ನಮಗೆ ಹೊಸದೇನಲ್ಲ. ಕರ್ನಾಟಕ ಸಂಗೀತದ ಸರಳೆ ವರಸೆಯನ್ನೇ ನೋಡಿ. ಈ ಪಾಠಕ್ರಮವನ್ನು ಕಟ್ಟಿಕೊಟ್ಟವರು ಪುರಂದರದಾಸರೆಂದು ಪರಂಪರೆ ನಂಬಿಕೊಂಡು ಬಂದಿದೆ. ಮೊದಲ ಪಾಠದಲ್ಲಿ ಎಂಟೇ ಸ್ವರ, ಆದಿತಾಳದ ಎಂಟು ಎಣಿಕೆಗೆ ಸರಿಯಾಗಿ. ಏರಿದರೆ ಒಂದು ಆವರ್ತ, ಇಳಿದರೆ ಇನ್ನೊಂದು. ಸ್ಥಾಯಿ, ಶ್ರುತಿ, ತಾಳ ಮೂರೂ ಆ ಪುಟ್ಟ ಜಾಗದಲ್ಲೇ ಇವೆ, ಆದರೆ ಕಲಿಯುವ ಹೊಸತು ಒಂದೊಂದೇ. ಅದನ್ನೇ ಮೂರು ಕಾಲಗಳಲ್ಲಿ ಹಾಡಿ, ಗುರುವಿಗೆ ಒಪ್ಪಿಸಿದ ಮೇಲಷ್ಟೇ ಮುಂದಿನ ವರಸೆ. ಆಮೇಲೆ ಜಂಟಿ, ಅಲಂಕಾರ, ಪಿಳ್ಳಾರಿ ಗೀತೆ. ಅಲಂಕಾರ ಮುಗಿಯುವವರೆಗೂ ರಾಗ ಮಾತ್ರ ಅದೇ ಮಾಯಾಮಾಳವಗೌಳ. ಸ್ವರಗಳ ನೆಲೆ ಬದಲಾಗದಿರುವುದರಿಂದ ಮಗುವಿನ ಗಮನವೆಲ್ಲ ಹೊಸ ಜೋಡಣೆಯ ಮೇಲೆ. ಇಂದು ಅಮೆರಿಕದ ಕನ್ನಡದ ಮಕ್ಕಳು ಬೆಂಗಳೂರು, ಮೈಸೂರಿನ ಗುರುಗಳಿಂದ ಪರದೆಯ ಮೇಲೆ ಕಲಿಯುವಾಗಲೂ ಕ್ರಮ ಇದೇ. ಪಾಠವನ್ನು ಒಪ್ಪಿಸುವುದು ಎಂಬ ನಮ್ಮ ಮಾತಿನಲ್ಲೇ ಆ ಪುಟ್ಟ ಪರೀಕ್ಷೆ ಅಡಗಿದೆ.

ಚಿಕ್ಕ ಪಾಠದ ಇನ್ನೊಂದು ಲಾಭ ಡೇಟಾದ ಉಳಿತಾಯ. ಸೆಕೆಂಡಿಗೆ 1 ಮೆಗಾಬಿಟ್ ಬೇಡುವ ವಿಡಿಯೊ 6 ನಿಮಿಷಕ್ಕೆ ತಿನ್ನುವ ಡೇಟಾ 45 ಎಂಬಿ. ಒಂದು ಗಂಟೆಗೆ 450. 2020ರ ಕೋವಿಡ್ ಕಾಲದಲ್ಲಿ ಆನ್‌ಲೈನ್ ತರಗತಿಗಾಗಿ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ ಮಲೆನಾಡಿನ ಮಕ್ಕಳಿಗೆ ಈ ಎರಡು ಅಂಕಿಗಳ ನಡುವಿನ ಅಂತರವೇ ಓದು ನಡೆಯುವುದಕ್ಕೂ ನಿಲ್ಲುವುದಕ್ಕೂ ಇದ್ದ ಅಂತರ. ಚಿಕ್ಕ ಪಾಠವನ್ನು ಗುಡ್ಡದ ಮೇಲೆ ನಿಂತು ಇಳಿಸಿಕೊಂಡು, ಮನೆಗೆ ಬಂದು ನೋಡಬಹುದು.

ಇಂದಿನ ಪಾಠವನ್ನು ಮತ್ತೆ ಯಾವಾಗ ನೋಡಬೇಕು? ಪರೀಕ್ಷೆ ಎಷ್ಟು ದೂರವಿದೆ ಎಂಬುದರ ಮೇಲೆ. 2008ರಲ್ಲಿ ನಿಕೊಲಸ್ ಸೆಪೆಡಾ ಮತ್ತು ಜೊತೆಗಾರರು 1,350ಕ್ಕೂ ಹೆಚ್ಚು ಜನರ ಮೇಲೆ ಮಾಡಿದ ಪ್ರಯೋಗದಲ್ಲಿ, ವಾರದ ನಂತರ ಕೇಳುವುದಾದರೆ ಒಂದು ದಿನ ಬಿಟ್ಟು ಮರುಓದಿದ್ದು, 35 ದಿನಗಳ ನಂತರ ಕೇಳುವುದಾದರೆ 11 ದಿನ ಬಿಟ್ಟು ಮರುಓದಿದ್ದು ಚೆನ್ನಾಗಿ ಉಳಿಯಿತು. ಒಂದೇ ರಾತ್ರಿ ಇಪ್ಪತ್ತು ಚಿಕ್ಕ ಪಾಠ ನೋಡಿ ಮುಗಿಸಿದರೆ ಅದು ಉದ್ದ ಪಾಠವೇ.

ಎಲ್ಲವೂ ತುತ್ತಾಗುವುದಿಲ್ಲ, ಆಗಲೂ ಬಾರದು. ಪಂಪಭಾರತದ ಒಂದು ಕಂದಪದ್ಯದ ಅನ್ವಯ, ಪದಚ್ಛೇದ, ಅರ್ಥವನ್ನು 6 ನಿಮಿಷದಲ್ಲಿ ಸೊಗಸಾಗಿ ಹೇಳಿಕೊಡಬಹುದು. ಆದರೆ ಪಂಪನ ಕರ್ಣನನ್ನು ಅರಿಯಲು ಗಂಟೆಗಟ್ಟಲೆ ಅವನ ಜೊತೆಗೇ ಕೂರಬೇಕು. ಬರೀ ತುಣುಕುಗಳಲ್ಲಿ ಕಲಿಸುವ ಸಾಹಿತ್ಯದ ಕೋರ್ಸ್ ಮಾಡುವವರಲ್ಲಿ ನನ್ನ ಕಳಕಳಿಯ ವಿನಂತಿ: ವಾರಕ್ಕೊಮ್ಮೆಯಾದರೂ ಒಂದು ಉದ್ದದ ಓದನ್ನು ಅಖಂಡವಾಗಿ ಇಡಿ.

ಕೊನೆಗೆ, ಬಿ.ಎಡ್. ಮಾಡಿದ ಓದುಗರಿಗೆ ಹಳೆಯ ನೆನಪೊಂದು. ಮೈಕ್ರೋ ಟೀಚಿಂಗ್! 1963ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆ್ಯಲನ್ ರೂಪಿಸಿದ ಈ ಪದ್ಧತಿಯನ್ನು ಎನ್‌ಸಿಇಆರ್‌ಟಿ ನಮ್ಮ ತರಗತಿಗಳಿಗೆ ಒಗ್ಗಿಸಿತು. ಐದಾರು ಸಹಪಾಠಿಗಳೇ ವಿದ್ಯಾರ್ಥಿಗಳಾಗಿ ಕೂತಿರುತ್ತಾರೆ, ಎದುರಿಗೆ ಕೈ ನಡುಗುತ್ತಾ ಸೀಮೆಸುಣ್ಣ ಹಿಡಿದ ನೀವು. ಪಾಠ ಮಾಡಲು 6 ನಿಮಿಷ. ಹಿಮ್ಮಾಹಿತಿಗೆ 6. ಮರುಪಾಠಕ್ಕೆ 6, ಮತ್ತೆ ಹಿಮ್ಮಾಹಿತಿಗೆ 6. ಎಡ್‌ಎಕ್ಸ್‌ನ ಲೆಕ್ಕ ಬರುವುದಕ್ಕೆ ದಶಕಗಳ ಮೊದಲೇ ನಮ್ಮ ಶಿಕ್ಷಕರು 6 ನಿಮಿಷದ ಪಾಠ ಕಟ್ಟುವುದನ್ನು ಕಲಿಯುತ್ತಿದ್ದರು. ಒಟ್ಟು 36 ನಿಮಿಷಗಳ ಆ ಚಕ್ರದಲ್ಲಿ ಅತಿ ದೊಡ್ಡ ಪಾಲು ಯಾವುದಕ್ಕೆ ಗೊತ್ತೇ? ಎರಡು ಪಾಠಗಳ ನಡುವೆ ಒಬ್ಬರೇ ಕುಳಿತು, ಹೇಳಿದ್ದನ್ನು ಹೇಗೆ ಬದಲಿಸಿ ಹೇಳಲಿ ಎಂದು ಮರುಯೋಜಿಸುವುದಕ್ಕೆ: 12 ನಿಮಿಷ.